ಕಾರಿನ ಎಂಜಿನು ಗಗನಕ್ಕೇರಬೇಕಾದರೆ

ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಜಪಾನಿನ ಮಾಜ್ದಾ ಕಾರುಗಳ ವ್ಯಾಂಕೆಲ್ ಎಂಜಿನೆಂದರೆ ಬಲು ಅಚ್ಚುಮೆಚ್ಚು. ಇದರಲ್ಲಿ ಹಿಂದುಮುಂದಾಡುವ ಪಿಸ್ಟನ್ನುಗಳಿಲ್ಲ, ಕವಾಟಗಳಿಲ್ಲ; ತ್ರಿಕೋನಾಕಾರದ ರೋಟರು ಗೂಡಿನೊಳಗೆ ಸುತ್ತುತ್ತದೆ, ಅಷ್ಟೆ. ಆದುದರಿಂದ ನಡುಕ ಕಡಿಮೆ, ಶಕ್ತಿಗೆ ಹೋಲಿಸಿದರೆ ಗಾತ್ರವೂ ಕಡಿಮೆ. ಇಂಧನವನ್ನು ಮಾತ್ರ ತುಸು ಹೆಚ್ಚಾಗಿಯೇ ಕುಡಿಯುತ್ತದೆ. ಬೆಂಗಳೂರಿನಲ್ಲಾಗಲಿ, ಯಾದಗಿರಿ ಸೀಮೆಯ ಕೊಂಕಲ್‌ನಲ್ಲಾಗಲಿ ಇದನ್ನೋದಿದ ವಿದ್ಯಾರ್ಥಿಗೆ, ಹಳೆಯ ಕಾರಿನ ಎಂಜಿನನ್ನು ಬಿಚ್ಚಿ ಪ್ರೊಪೆಲರ್ ಸಿಕ್ಕಿಸಿದರಾಯಿತು ಎನ್ನಿಸಿದರೆ ಆಶ್ಚರ್ಯವಿಲ್ಲ. ನನ್ನ ಅಭಿಪ್ರಾಯದಲ್ಲಿ ಕಷ್ಟವೆಲ್ಲ ಎಂಜಿನಿನ ಸುತ್ತಮುತ್ತಲೇ ಇದೆ.

ಈ ಎಂಜಿನು ನಿಮಿಷಕ್ಕೆ 6,000 ಸುತ್ತಿನ ಆಸುಪಾಸಿನಲ್ಲಿ ಶಕ್ತಿ ಕೊಡುತ್ತದೆ. ಪ್ರೊಪೆಲರನ್ನು ಅದೇ ವೇಗದಲ್ಲಿ ತಿರುಗಿಸಿದರೆ ಅಲಗಿನ ತುದಿ ಶಬ್ದದ ವೇಗವನ್ನು ಮೀರಿ, ಶಕ್ತಿಯೆಲ್ಲ ಗದ್ದಲದಲ್ಲಿ ಪೋಲಾಗುತ್ತದೆ. ಆದುದರಿಂದ ನಡುವೆ ಹಲ್ಲುಗಾಲಿಗಳನ್ನಿಟ್ಟು ವೇಗವನ್ನು ಅರ್ಧಕ್ಕಿಂತಲೂ ಕೆಳಗಿಳಿಸಬೇಕು.

ಇದಕ್ಕಿಂತ ದೊಡ್ಡ ತೊಡಕು ಶಾಖದ್ದು. ಗೂಡನ್ನು ನೀರು ತಂಪಾಗಿಸಿದರೆ, ರೋಟರಿನ ಒಡಲನ್ನು ತಂಪಾಗಿಸುವುದು ಎಣ್ಣೆ. ಎರಡಕ್ಕೂ ಬೇರೆಬೇರೆ ರೇಡಿಯೇಟರು ಬೇಕು. ಕಾರು ಪೂರ್ಣಶಕ್ತಿಯನ್ನು ಬಳಸುವುದು ಕೆಲವೇ ಕ್ಷಣ. ಮೇಲೇರುವ ವಿಮಾನವಾದರೋ ಅದನ್ನು ನಿಮಿಷಗಟ್ಟಲೆ ಬೇಡುತ್ತದೆ. ಅದೂ ವೇಗ ಕಡಿಮೆಯಿದ್ದು ಗಾಳಿಯ ಹೊಡೆತ ಸಾಲದಿರುವಾಗ. ಎಣ್ಣೆಯನ್ನು 95 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹಿಡಿದಿಡಬೇಕೆನ್ನೋಣ. ಬೆಂಗಳೂರಿನ ಗಾಳಿ 25 ಡಿಗ್ರಿಯಲ್ಲಿದ್ದರೆ ಅಂತರ 70. ಕೊಂಕಲ್‌ನಲ್ಲಿ ಮೇ ತಿಂಗಳ ಬಿಸಿಲು 42ಕ್ಕೇರಿದರೆ ಅಂತರ 53 ಮಾತ್ರ. ಅದೇ ರೇಡಿಯೇಟರು ಹೊರಹಾಕುವ ಶಾಖದಲ್ಲಿ ಸುಮಾರು ಕಾಲುಭಾಗ ಖೋತಾ! ಬೆಂಗಳೂರಿನಲ್ಲಿ ಸೊಗಸಾಗಿ ಹಾರಿದ ಯಂತ್ರ ಇಲ್ಲಿ ಮರಗಳ ಮೇಲೇರುವಷ್ಟರಲ್ಲಿ ಕಾದು ಕೆಡಬಹುದು. ಒಳಗಿರುವವನ ಪ್ರಾಣದ ಮಾತು ಬೇರೆ ಹೇಳಬೇಕೆ?

ನಮ್ಮ ನಾಡಿಗೆ ಈ ವಿದ್ಯೆ ತೀರ ಅಪರಿಚಿತವೇನೂ ಅಲ್ಲ. ಹವ್ಯಾಸಿಗಳಿಗಾಗಿ ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ವಿಮಾನವನ್ನು ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ಕಟ್ಟಿ, 1987ರಲ್ಲಿ ಹಾರಿಸಿತು. ಅದೇ ಸಂಸ್ಥೆ ರಕ್ಷಣಾ ಸಂಶೋಧನಾಲಯಗಳೊಡನೆ ಸೇರಿ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನನ್ನು ನಿರ್ಮಿಸಿತು. 2009ರಲ್ಲಿ ಕೋಲಾರದಲ್ಲಿ ಅದು ‘ನಿಶಾಂತ್’ ವಿಮಾನವನ್ನು ಹಾರಿಸಿತು. ಆದರೆ ನಿಶಾಂತ್ ಚಾಲಕನಿಲ್ಲದ ವಿಮಾನವೆಂಬುದನ್ನು ಮರೆಯಲಾಗದು.

ಕಲಬುರಗಿ, ರಾಯಚೂರು ಕಡೆಯ ಎಂಜಿನಿಯರಿಂಗ್ ಕಾಲೇಜುಗಳು ಇಂಥದೊಂದು ಎಂಜಿನನ್ನು ತರಿಸಿ, ಪ್ರೊಪೆಲರ್ ಸಹಿತ ಕಟ್ಟೆಯ ಮೇಲೆ ಬಿಗಿದು, ಮೇ ತಿಂಗಳ ನಡುಹಗಲಲ್ಲಿ ಪೂರ್ಣಶಕ್ತಿಯಿಂದ ಓಡಿಸಲಿ. ನೀರಿನ ಮತ್ತು ಎಣ್ಣೆಯ ಉಷ್ಣತೆಯನ್ನು ವಿದ್ಯಾರ್ಥಿಗಳು ಪ್ರತಿ ನಿಮಿಷವೂ ಬರೆದಿಡಲಿ. ಹಾರುವ ಮಾತು ಆ ಪುಸ್ತಕ ತುಂಬಿದ ಮೇಲೆ.