ನಾಬೋತನ ತೋಟದ ಆಳಿಗೆ ಲೆಕ್ಕ ಕೊಡುವವರು ಯಾರು?



ಕಾಸರಗೋಡಿನ ಕರಿಂದಳದಿಂದ ವಯನಾಡಿನ ಪಯ್ಯಂಪಳ್ಳಿಗೆ 400 ಕಿಲೋವೋಲ್ಟ್ ಲೈನಿನ ಯೋಜನೆಯ ಮಾತು ಹೋದ ಕೂಟದಲ್ಲಿ ಬಂದಾಗ ಹಿರಿಯರೊಬ್ಬರು ಹೇಳಿದರು: "ಬಿಸಿಲಿನ ಕರೆಂಟು ಬಂದಾಯಿತು. ಮನೆಮನೆಯ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿದರೆ ಸಾಕು. ಹೊಸ ಟವರ್ ಯಾಕೆ?" ಅನೇಕರು ತಲೆಯಾಡಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಲೈನು ಮನೆಯ ಮಾಡು ನಮ್ಮದೇ? ಒಡೆದ ಹಂಚು ಬದಲಿಸಲು ಆಫೀಸಿಗೆ ಹತ್ತು ಸಲ ನಡೆಯುವ ನಾವು ಯಾರ ಅಪ್ಪಣೆಯಿಂದ ಪ್ಯಾನೆಲ್ ಹಾಕೋಣ? ಹಾಕಿದೆವೆಂದೇ ಇಟ್ಟುಕೊಳ್ಳಿ. ಜೂನ್, ಜುಲೈಯಲ್ಲಿ ವಯನಾಡು, ಗೂಡಲೂರಿನಲ್ಲಿ ಸೂರ್ಯನ ಮುಖ ಕಾಣುವ ದಿನ ಎಷ್ಟು? ನಮಗೆ ದೀಪ ಬೇಕಾದದ್ದು ಎಲೆ ತೂಗಿಸಿ ಮನೆಗೆ ಬಂದ ಮೇಲೆ, ಕತ್ತಲಾದಾಗ. ಬ್ಯಾಟರಿ ಒಂದು ರಾತ್ರಿ ದಾಟಿಸೀತು, ಮಳೆಗಾಲ ದಾಟಿಸದು. ಅದೇ ಆಷಾಢದಲ್ಲಿ ಉಡುಮಲೈ ಕಡೆಯಲ್ಲೂ ಕನ್ಯಾಕುಮಾರಿ ಹತ್ತಿರದ ಮುಪ್ಪಂದಲ್‌ನಲ್ಲೂ ಗಾಳಿ ಹುಚ್ಚೆದ್ದು ಬೀಸುತ್ತದೆ. ಒಯ್ಯಲು ಲೈನು ಸಾಲದೆ ತಮಿಳುನಾಡಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದೂ ಉಂಟು. ಕಲ್ಲಿದ್ದಲನ್ನು ರೈಲಿಗೆ ತುಂಬಬಹುದು. ಗಾಳಿಯನ್ನು ಮೂಟೆ ಕಟ್ಟಲಾಗದು. ಲೈನು ಬೇಕು.

ಎಲ್ಲ ಕಡೆ ಹೊಸ ದಾರಿ ಕಡಿಯಬೇಕೆಂದಲ್ಲ. ಕೇರಳದಲ್ಲೇ ಹಳೆಯ ಲೈನಿನ ಜಾಗದಲ್ಲಿ ಹೆಚ್ಚು ಶಕ್ತಿಯದನ್ನು ಎಳೆದಿದ್ದಾರೆ. 2021ರಲ್ಲಿ ಉದ್ಘಾಟನೆಯಾದ ಪುಗಲೂರು-ತ್ರಿಶೂರು ಮಾರ್ಗದ ಕೊನೆಯ ಭಾಗ ನೆಲದಡಿಯ ಕೇಬಲ್. ಖರ್ಚು ಹೆಚ್ಚು, ನಿಜ. ಆದರೆ ಆಗದ ಕೆಲಸವಲ್ಲ.

ನನ್ನ ಜಗಳ ಬೇರೆ. 1932ರಲ್ಲಿ ಪೈಕಾರಾ ನೀರಿನಿಂದ ಕರೆಂಟು ತೆಗೆದು ಕೊಯಮತ್ತೂರಿನ ಗಿರಣಿಗಳಿಗೆ ಇಳಿಸಿದರು. ಬೆಟ್ಟದ ಮೇಲೆ ಲೈನು ಮನೆಗಳಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಈ ಸಲವೂ ಹಾಗೆಯೇ ಆಗಬೇಕೆ?

400 ಕಿಲೋವೋಲ್ಟ್ ಲೈನಿನ ಕೆಳಗೆ 46 ಮೀಟರ್ ಅಗಲದ ಪಟ್ಟಿ ಬಿಡಬೇಕು. ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆ ದಾಟುತ್ತದೆ. ಚಹಾ ಗಿಡ ಕುಳ್ಳು, ಉಳಿದೀತು. ಸಿಲ್ವರ್ ಓಕ್ ಹೋಗುತ್ತದೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹೋಗುತ್ತದೆ, ಆ ಮೆಣಸು ಕೊಯ್ಯುವ ಕೂಲಿಯೂ ಹೋಗುತ್ತದೆ. ಪರಿಹಾರ? ಕೇಂದ್ರದ 2015ರ ಮಾರ್ಗಸೂಚಿ ಟವರಿನ ಬುಡಕ್ಕೆ ಜಮೀನಿನ ಬೆಲೆಯ ನೂರಕ್ಕೆ 85, ಪಟ್ಟಿಗೆ ಹೆಚ್ಚೆಂದರೆ 15 ಎಂದಿತ್ತು. ಜೂನ್ 2024ರಲ್ಲಿ ಅದನ್ನು 200 ಮತ್ತು 30ಕ್ಕೆ ಏರಿಸಿದರು. ರೈತರು ಬೀದಿಗಿಳಿದು ಹೋರಾಡಿದ್ದರ ಫಲವಿದು. ಅವರಿಗೆ ನನ್ನ ವಂದನೆ. ಆದರೆ ಎಸ್ಟೇಟಿನಲ್ಲಿ ಆ ಹಣ ಧಣಿಯ ಖಾತೆಗೆ. ಮರಕ್ಕೆ ನಂಬರು ಬೀಳುತ್ತದೆ, ಮರದ ಕೆಳಗೆ ದುಡಿದವಳ ಹೆಸರಿಗೆ ಒಂದು ಸಾಲೂ ಇಲ್ಲ.

ಜಮೀನು ಹೋಗುವ ಮಾತು ಬಂದರೆ ನಮ್ಮ ಬೋಧಕರು ಒಂದನೆಯ ಅರಸುಗಳು 21ನ್ನು ತೆರೆಯುತ್ತಾರೆ: ಅಹಾಬ, ನಾಬೋತ, ದ್ರಾಕ್ಷಿತೋಟ. ಒಳ್ಳೆಯದೇ. ಆ ತೋಟದಲ್ಲಿ ಆಳುಗಳಿದ್ದರೆ ಅವರ ಗತಿ ಏನಾಯಿತೆಂದು ಯಾವ ಬೋಧಕರೂ ಕೇಳಿದ್ದನ್ನು ನಾನು ಕೇಳಿಲ್ಲ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವೂ ಅದೇ ಪುಸ್ತಕದಲ್ಲಿದೆಯಲ್ಲ, ತಡೆಹಿಡಿದ ಕೂಲಿ ಕೂಗುವ ಅಧ್ಯಾಯ?

ಕಾನೂನಿನಲ್ಲಿ ಜಾಗವಿಲ್ಲವೆನ್ನಬೇಡಿ. ವಿದ್ಯುತ್ ಲೈನಿಗೆ ಈಗಲೂ ಅನ್ವಯಿಸುವ 1885ರ ಟೆಲಿಗ್ರಾಫ್ ಕಾಯಿದೆಯ 10ನೆಯ ಕಲಮು, ನಷ್ಟಪಟ್ಟ ಹಿತಾಸಕ್ತರೆಲ್ಲರಿಗೂ ಪೂರ್ಣ ಪರಿಹಾರ ಎನ್ನುತ್ತದೆ. ಜಮೀನುದಾರನಿಗೆ ಮಾತ್ರ ಎನ್ನುವುದಿಲ್ಲ. ದಿನಗೂಲಿಯವಳು ಹಿತಾಸಕ್ತಳಲ್ಲವೆಂದು ಅವರು ವಾದಿಸಿಯಾರು. ವಾದಿಸಲಿ, ಜಿಲ್ಲಾ ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳಲಿ.

ಅದಕ್ಕೆ ನಮ್ಮ ಕೈಯಲ್ಲಿ ಕಾಗದ ಬೇಕು. ಸರ್ವೆಯವರು ಮರಕ್ಕೆ ನಂಬರು ಹಾಕುವ ದಿನವೇ, ಆ ತುಂಡಿನಲ್ಲಿ ಹೋದ ವರ್ಷ ಯಾರ್ಯಾರು ಎಷ್ಟು ದಿನ ದುಡಿದರೆಂದು ಚೆಕ್‌ರೋಲಿನಿಂದ ಬರೆದುಕೊಳ್ಳಿ. ಓದು ಬರುವ ಮಕ್ಕಳಿಂದ ಎರಡು ಪ್ರತಿ ಮಾಡಿಸಿ. ಒಂದು ಕಲೆಕ್ಟರಿಗೆ, ಒಂದು ಬರುವ ಕೂಟಕ್ಕೆ ತನ್ನಿ.