ಕೋರ್ಟಿಗೆ ಕಂಪ್ಯೂಟರ್ ಬಂತು, ಕನ್ನಡ ಯಾವಾಗ?

ಕನ್ನಡದ ಯುವಕ ಯುವತಿಯರೇ,

ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಕೂಡ್ಲಿಗಿ. ಅಲ್ಲಿಂದಾಚೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಬೆಂಗಳೂರಿನಲ್ಲಿ ದುಡಿಯುವ ನಿಮ್ಮಲ್ಲಿ ಎಷ್ಟೋ ಮಂದಿಯ ಅಪ್ಪ ಅವ್ವ ಇರುವುದು ಇಂಥ ಊರುಗಳಲ್ಲೇ. ಅವ್ವ ಹೊಲದ ಬದುವಿನ ತಕರಾರಿಗೆ ಕೋರ್ಟಿನ ಮೆಟ್ಟಿಲು ಹತ್ತಿದ್ದಾಳೆ ಎಂದಿಟ್ಟುಕೊಳ್ಳಿ.

ಜಗಳ ನಡೆದದ್ದು ಕನ್ನಡದಲ್ಲಿ. ಪಹಣಿ ಇರುವುದು ಕನ್ನಡದಲ್ಲಿ. ಸಾಕ್ಷಿ ಕಟ್ಟೆಯಲ್ಲಿ ನಿಂತು ಹೇಳಿದ್ದೂ ಕನ್ನಡದಲ್ಲಿ. ವರ್ಷಗಟ್ಟಲೆ ಅಲೆದ ಮೇಲೆ ತೀರ್ಪು ಬಂತು. ನೋಡಿದರೆ ಇಂಗ್ಲಿಷ್! ತನ್ನ ಹೊಲ ಉಳಿಯಿತೋ ಹೋಯಿತೋ ಎಂದು ತಿಳಿಯಲು ಅವ್ವ ಇನ್ನೊಬ್ಬರ ಮುಖ ನೋಡಬೇಕು. ಕೆಲವು ನ್ಯಾಯಾಧೀಶರು ಕನ್ನಡದಲ್ಲೇ ತೀರ್ಪು ಬರೆಯುತ್ತಾರೆ, ಅವರಿಗೆ ಕೈಮುಗಿಯೋಣ. ಆದರೆ ರಾಜ್ಯದ ಕೆಳಹಂತದ ಕೋರ್ಟುಗಳಲ್ಲಿ ಬಹುಪಾಲು ನಡೆದಿರುವುದು ಇದೇ.

ಈಗ ಕಂಪ್ಯೂಟರಿನ ಕಾಲ. ಇ-ಕೋರ್ಟ್ ಯೋಜನೆ 2007ರಲ್ಲಿ ಶುರುವಾಯಿತು. ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ ಸರ್ಕಾರ 7,210 ಕೋಟಿ ರೂಪಾಯಿ ಒಪ್ಪಿತು. ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರು. ಮೊಬೈಲಿನಲ್ಲಿ ಒತ್ತಿದರೆ ಮುಂದಿನ ವಾಯಿದೆ ಯಾವತ್ತೆಂದು ಗೊತ್ತಾಗುತ್ತದೆ. ಒಳ್ಳೆಯದೇ. ವಾಯಿದೆ ಕೇಳಲೆಂದೇ ಒಂದು ದಿನದ ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಸುರಿಯುವುದು ತಪ್ಪಿದರೆ ಯಾರಿಗೆ ಬೇಡ? ನಮ್ಮ ತಕರಾರು ಯಂತ್ರದ ಮೇಲಲ್ಲ. ಯಂತ್ರ ಯಾವ ಭಾಷೆ ಆಡುತ್ತದೆ ಎಂಬುದರ ಮೇಲೆ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 392ನೇ ಕಲಮು ನೋಡಿ. ಕ್ರಿಮಿನಲ್ ಕೇಸಿನ ತೀರ್ಪನ್ನು ಸಾಧ್ಯವಾದಷ್ಟೂ ಏಳು ದಿನದೊಳಗೆ ಕೋರ್ಟಿನ ಪೋರ್ಟಲ್‌ಗೆ ಹಾಕಬೇಕು ಎನ್ನುತ್ತದೆ. ಭೇಷ್! ಓದಲು ಬಾರದ ತೀರ್ಪು ಏಳೇ ದಿನದಲ್ಲಿ ಕೈಗೆ! ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ತೀರ್ಪಿನ ಮುಖ್ಯ ಭಾಗವನ್ನಷ್ಟೇ ಓದುವುದಾದರೆ, ಅದರ ಸಾರವನ್ನು ಆರೋಪಿಗೆ 'ಅಥವಾ' ಅವನ ವಕೀಲರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕಂತೆ. ಈ 'ಅಥವಾ' ಎಂಬ ಕಿಂಡಿಯಲ್ಲೇ ಇಂಗ್ಲಿಷ್ ನುಸುಳುವುದು. ಜೈಲಿಗೆ ಹೋಗುವವನು ಆರೋಪಿ, ಅರ್ಥವಾದರೆ ಸಾಕಾದದ್ದು ವಕೀಲರಿಗೆ!

ಕೆಳಹಂತದ ಕೋರ್ಟುಗಳ ಭಾಷೆ ಯಾವುದೆಂದು ತೀರ್ಮಾನಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ದಿಲ್ಲಿಯ ಅಪ್ಪಣೆ ಬೇಕಿಲ್ಲ. ಕನ್ನಡವೇ ಎಂದು ಘೋಷಿಸಿ ದಶಕಗಳಾದವು. ಆದರೂ ಕನ್ನಡದಲ್ಲಿ ತೀರ್ಪು ಬರೆದವರನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಹುಡುಕಿ ಹುಡುಕಿ ಪ್ರಶಸ್ತಿ ಕೊಡಬೇಕಾಗಿದೆ. ದಿನನಿತ್ಯದ ಕೆಲಸಕ್ಕೆ ಶಾಲು ಹೊದಿಸುವ ಸ್ಥಿತಿ ಕರ್ನಾಟಕದಲ್ಲೇ ಬಂದಿದೆಯಲ್ಲ!

ಈ ಸೀಮೆ ಮದರಾಸಿನ ಆಡಳಿತದಲ್ಲಿ ನರಳಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆ ಹೋರಾಟದಲ್ಲಿ ಬಳ್ಳಾರಿಯ ರಂಜಾನ್ ಸಾಬ್ ಪ್ರಾಣವನ್ನೇ ಕೊಟ್ಟರು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಹಾಕಿದರು, ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ಐದೂ ತಾಲೂಕು ವಿಜಯನಗರ ಜಿಲ್ಲೆಗೆ ಬಂದವು. ಜಿಲ್ಲೆ ಬದಲಾಯಿತು, ಬೋರ್ಡು ಬದಲಾಯಿತು. ತೀರ್ಪಿನ ಭಾಷೆ?

'ಮೇಲ್ಮನವಿ ಹೈಕೋರ್ಟಿಗೆ ಹೋದರೆ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಬೇಕಲ್ಲ' ಎನ್ನುತ್ತಾರೆ. ನಿಜ. ಸಂವಿಧಾನದ 348ನೇ ವಿಧಿ ಹೈಕೋರ್ಟಿಗೆ ಇಂಗ್ಲಿಷ್ ಕಟ್ಟಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಿಗೆ ಅದೇ ವಿಧಿಯಡಿ ಹಿಂದಿಗೆ ಒಪ್ಪಿಗೆ ಸಿಕ್ಕಿತು. ಕರ್ನಾಟಕ ಕನ್ನಡಕ್ಕೆ ಕೇಳಿದಾಗ 2012ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೂ 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೇ ಕನ್ನಡದಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ಆದದ್ದು ತಾಲೂಕಿನಲ್ಲಿ ಯಾಕಾಗದು?

ಅನುವಾದಕ್ಕೂ ಈಗ ಯಂತ್ರವಿದೆ. ಸುಪ್ರೀಂ ಕೋರ್ಟು 2019ರಲ್ಲೇ 'ಸುವಾಸ್' ಎಂಬ ಅನುವಾದ ತಂತ್ರಾಂಶ ತಂದಿದೆ, ತನ್ನ ತೀರ್ಪುಗಳನ್ನು ಕನ್ನಡದಲ್ಲೂ ಹಾಕುತ್ತಿದೆ. ಯಂತ್ರ ಎಡವುತ್ತದೆ, ಒಪ್ಪೋಣ. ಮೇಲ್ಮನವಿಗೆ ಅನುಮತಿ ಕೊಟ್ಟಿದೆ ಎನ್ನುವ 'ಲೀವ್ ಗ್ರಾಂಟೆಡ್' ಹಿಂದಿಯಲ್ಲಿ 'ರಜೆ ಮಂಜೂರು' ಆದ ಕಥೆಯನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಹೇಳಿದ್ದಾರೆ. ಹಾಗಾದರೆ ಆ ಎಡವಟ್ಟು ಯಾರ ಪಾಲಿಗೆ ಬರಲಿ? ಅವ್ವನ ಪಾಲಿಗೆ ಬೇಡ. ಮೂಲ ತೀರ್ಪು ಕನ್ನಡದಲ್ಲಿರಲಿ. ಮೇಲಿನವರಿಗೆ ಬೇಕಾದ ಇಂಗ್ಲಿಷನ್ನು ಯಂತ್ರ ಮಾಡಲಿ, ಬಲ್ಲವರು ತಿದ್ದಲಿ.

ಪದಗಳಿಲ್ಲ ಎಂಬ ನೆಪವೂ ಬೇಡ. ದಾವೆ, ಫಿರ್ಯಾದಿ, ಜಾಮೀನು, ವಾಯಿದೆ, ತಕರಾರು ಹಳ್ಳಿಯ ಕಟ್ಟೆಯ ಮೇಲೆ ದಿನವೂ ಉರುಳುವ ಮಾತುಗಳು.

ನಾವು ಕೇಳುವುದಿಷ್ಟು. ಕನ್ನಡ ಬೆರಳಚ್ಚು, ಶೀಘ್ರಲಿಪಿ ಕಲಿತ ನಮ್ಮ ಹುಡುಗ ಹುಡುಗಿಯರಿಗೆ ಕೋರ್ಟಿನಲ್ಲಿ ಕೆಲಸ ಕೊಡಿ. ನ್ಯಾಯಾಧೀಶರಿಗೂ ವಕೀಲರಿಗೂ ಕನ್ನಡದಲ್ಲಿ ಬರೆಯುವ ತರಬೇತಿ ಕೊಡಿ. ತೀರ್ಪುಗಳನ್ನು ಯೂನಿಕೋಡ್ ಕನ್ನಡದಲ್ಲಿ ಹಾಕಿ, ಹುಡುಕಿದರೆ ಸಿಗಲಿ. ಇ-ಸೇವಾ ಕೇಂದ್ರದ ಕಿಟಕಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಮನುಷ್ಯ ಕೂರಲಿ.

ನಿಮ್ಮ ಪಾಲಿನ ಕೆಲಸವೂ ಇದೆ. ಕಂಡವರ ದೇಶದ ಕಂಪನಿಗಳಿಗೆ ತಂತ್ರಾಂಶ ಬರೆಯುವ ಕೈ ನಿಮ್ಮದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಮನೆಯವರ ಕೇಸಿನ ನಂಬರು ಹಾಕಿ ತೆಗೆದು ಓದಿ ಹೇಳಿ. ಕ್ರಿಮಿನಲ್ ಕೇಸಿನ ಆರೋಪಿಗೆ ತೀರ್ಪಿನ ಅನುವಾದ ಕೇಳುವ ಹಕ್ಕನ್ನು ಸಂಹಿತೆಯ 404ನೇ ಕಲಮೇ ಕೊಟ್ಟಿದೆ, ಮೇಲ್ಮನವಿಗೆ ಅವಕಾಶವಿರುವ ಕೇಸಾದರೆ ಪುಕ್ಕಟೆ. ಅರ್ಜಿ ಬರೆದುಕೊಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಕಾನೂನು ನೆರವಿನ 15100 ನಂಬರು ಕೊಡಿ. ಒಂದೊಂದು ತಾಲೂಕಿನಿಂದ ನೂರು ನೂರು ಅರ್ಜಿ ಬೀಳಲಿ, ಕನ್ನಡ ಎಲ್ಲಿ ಎಂದು ಕೋರ್ಟಿನ ಕಂಪ್ಯೂಟರೇ ಹುಡುಕಾಡಲಿ!

ನವೆಂಬರಿನಲ್ಲಿ ಬಾವುಟ ಹಾರಿಸಿದ್ದು ಸಾಕು. ಅರ್ಜಿ ಬರೆಯಲು ಪೆನ್ನು ತೆಗೆಯಿರಿ.