ನಾಣ್ಯಕ್ಕೆ ಕಿಲುಬು ಹಿಡಿಸುವುದು ಆಲ್ಬಮ್ಮೇ

ಹಳೆ ನಾಣ್ಯ ಜೋಪಾನವಾಗಿರಲಿ ಎಂದು ಆಲ್ಬಂ ಕೊಳ್ಳುತ್ತೇವೆ. ಆದರೆ ಅಗ್ಗಕ್ಕೆ ಸಿಗುವ ಮೆತ್ತನೆ ಪ್ಲಾಸ್ಟಿಕ್‌ ಜೇಬಿನ ಆಲ್ಬಮ್ಮುಗಳು ಎಷ್ಟೋ ಸಲ ನಾಣ್ಯವನ್ನು ಕಾಯುವುದಿಲ್ಲ, ನಿಧಾನಕ್ಕೆ ತಿನ್ನುತ್ತವೆ. ಡಬ್ಬಿಯ ಮೂಲೆಯಲ್ಲಿ ನೂರು ವರ್ಷ ಸುಮ್ಮನೆ ಬಿದ್ದಿದ್ದ ಕಾಸು, ಆಲ್ಬಮ್ಮಿಗೆ ಹೋದ ಕೆಲವೇ ವರ್ಷಗಳಲ್ಲಿ ಹಸಿರು ಅಂಟು ಹಿಡಿದು ಕೂರುತ್ತದೆ. ಹಾಗಾಗಿ ನಮ್ಮ ಮಾತು ಇಷ್ಟೇ: ಬೆಲೆ, ಪುಟ, ಅಂದಚೆಂದ ನೋಡುವ ಮೊದಲು ಇದು ಯಾವ ಪ್ಲಾಸ್ಟಿಕ್ ಎಂದು ಕೇಳಿ.

ಇದು ದುಡ್ಡಿದ್ದವರ ಹವ್ಯಾಸದ ಚಿಂತೆ ಎನ್ನಬೇಡಿ. ಸುದ್ದಿಗಾಗಿ ಊರೂರು ಸುತ್ತುವ ನಾವು ಇಂಥ ನಾಣ್ಯಗಳನ್ನು ಕಾಣುವುದು ದೇವರ ಮನೆಯ ಪೆಟ್ಟಿಗೆಯಲ್ಲಿ, ಅಜ್ಜಿಯರ ಎಲೆಅಡಿಕೆ ಚೀಲದಲ್ಲಿ. ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸು, ರಾಣಿ ವಿಕ್ಟೋರಿಯಾಳ ಬೆಳ್ಳಿ ರೂಪಾಯಿ, 1943ರಿಂದ ಬಂದ ತೂತು ಕಾಸು. ಮಯಿಲಿ ಕಾಸಿನ ಮೇಲೆ ಕನ್ನಡ ಅಕ್ಷರಗಳಿವೆ. ಮ್ಯೂಸಿಯಮ್ಮಿನ ಗಾಜಿನಾಚೆ ಅಲ್ಲ, ಅಂಗೈಯಲ್ಲೇ ಹಿಡಿದು ಓದಬಹುದಾದ ಚರಿತ್ರೆ ಅದು. ಕಿಲುಬು ಆ ಅಕ್ಷರವನ್ನು ಕೊರೆದರೆ ಮತ್ತೆ ಬರೆಯುವವರಿಲ್ಲ.

ಕೆಡುಕಿನ ಮೂಲ ಪಿವಿಸಿ. ಅದು ಹುಟ್ಟಾ ಗಡುಸು ಪ್ಲಾಸ್ಟಿಕ್. ಮೆತ್ತಗಾಗಲೆಂದು ಅದಕ್ಕೆ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಕಾಲ ಕಳೆದಂತೆ ಆ ಎಣ್ಣೆ ಹೊರಗೆ ಜಿನುಗುತ್ತದೆ. ಸೆಕೆ, ತೇವ ಸೇರಿದರೆ ಪಿವಿಸಿಯಿಂದ ಹೈಡ್ರೋಕ್ಲೋರಿಕ್ ಆಮ್ಲವೂ ಬಿಡುತ್ತದೆ. ತಾಮ್ರದೊಂದಿಗೆ ಅದು ಸೇರಿದಾಗ ಕಾಣುವುದೇ ಆ ಹಸಿರು ಜಿಗುಟು. ಬೆಳ್ಳಿ ರೂಪಾಯಿಯಲ್ಲೂ ನೂರಕ್ಕೆ ಎಂಟು ಪಾಲಿನಷ್ಟು ಬೆರಕೆ ಲೋಹ ಇರುವುದರಿಂದ ಅದೂ ಪಾರಾಗುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಬೇಗ.

ಗುರುತು ಹಿಡಿಯುವುದು ಕಷ್ಟವಲ್ಲ. ಆಲ್ಬಂ ತೆರೆದಾಗ ಹೊಸ ರೆಕ್ಸಿನ್ನಿನಂಥ ಘಾಟು ಬಂದರೆ, ಹಾಳೆ ಮೆತ್ತಗೆ ಬಳುಕಿ ಒಂದಕ್ಕೊಂದು ಅಂಟಿದರೆ ಅನುಮಾನಪಡಿ. ಇನ್ನೂ ಖಾತ್ರಿ ಬೇಕೆಂದರೆ ತಾಮ್ರದ ತಂತಿಯನ್ನು ಚೆನ್ನಾಗಿ ಕಾಯಿಸಿ, ಹಾಳೆಯ ಮೂಲೆಯಿಂದ ಕತ್ತರಿಸಿದ ಚೂರಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ ಎಂದೇ ತಿಳಿಯಿರಿ. ಹೊಗೆ ಒಳ್ಳೆಯದಲ್ಲ, ಬಯಲಲ್ಲಿ ದೊಡ್ಡವರೇ ಮಾಡಬೇಕು. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಮೈಲಾರ್ ಎನ್ನುವ ಪಾಲಿಯೆಸ್ಟರ್ ಹಾಳೆ, ಈ ಮೂರೂ ನಾಣ್ಯಕ್ಕೆ ಕ್ಷೇಮ. ನಾಣ್ಯ ಅಲುಗಾಡಿ ಉಜ್ಜದಂತೆ ಅಳತೆಗೆ ತಕ್ಕ ಜೇಬು ಇರಲಿ.

ಒಳ್ಳೆ ಆಲ್ಬಂ ದುಬಾರಿ, ಹಳ್ಳಿ ಹುಡುಗರು ಎಲ್ಲಿಂದ ತರುತ್ತಾರೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆಲ್ಬಮ್ಮೇ ಬೇಕೆಂದಿಲ್ಲ. ಪಾಲಿಎಥಿಲೀನಿನ ಸಣ್ಣ ಜಿಪ್ ಕವರಿನಲ್ಲಿ ಒಂದೊಂದೇ ನಾಣ್ಯ ಇಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಗೆ ಹಾಕಿದರೆ ಕೆಟ್ಟ ಆಲ್ಬಮ್ಮಿಗಿಂತ ಎಷ್ಟೋ ಮೇಲು. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಹಳೆ ಪೇಪರಿನಲ್ಲಿ ಕಟ್ಟಬೇಡಿ, ಅದರಲ್ಲಿ ಆಮ್ಲವಿದೆ. ಪೇಪರಿಗೆ ಬರೆದು ಬದುಕುವ ನಾವೇ ಇದನ್ನು ಹೇಳುತ್ತಿದ್ದೇವೆ!

ಇನ್ನೊಂದು ಚಟ ಹುಣಸೆಹಣ್ಣಿನದು. ಚೊಂಬು ತಿಕ್ಕಿದಂತೆ ಹುಣಸೆಹಣ್ಣು, ಉಪ್ಪು ಹಚ್ಚಿ ಕಾಸು ತಿಕ್ಕಿದರೆ ಹೊಳಪು ಬರುತ್ತದೆ ನಿಜ. ಜೊತೆಗೆ ಮೇಲ್ಪದರವೂ ಹೋಗುತ್ತದೆ, ಉಪ್ಪಿನ ಅಂಶ ಉಳಿದು ಹೊಸ ಕಿಲುಬಿಗೆ ದಾರಿಯಾಗುತ್ತದೆ. ದೀಪಾವಳಿಗೆ ಲಕ್ಷ್ಮಿಯ ಮುಂದಿಟ್ಟ ನಾಣ್ಯವನ್ನೂ ಹಾಲು, ಕುಂಕುಮ ಅಂಟಿದ್ದಂತೆಯೇ ಜೇಬಿಗೆ ತುರುಕಬೇಡಿ. ಬರೀ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ, ಪೂರ್ತಿ ಒಣಗಿಸಿ ಇಡಿ. ಸಮನಾಗಿ ಬಣ್ಣ ತಿರುಗಿದ ಬೆಳ್ಳಿಯನ್ನು ಹಾಗೇ ಬಿಡಿ. ಅದು ವಯಸ್ಸು, ರೋಗವಲ್ಲ. ಹಸಿರು ಜಿಗುಟು ಕಂಡರೆ ಮಾತ್ರ ಅಂದೇ ಆಲ್ಬಮ್ಮಿನಿಂದ ಹೊರಗೆ ತೆಗೆಯಿರಿ.

ಕೊಳ್ಳುವವರಿಗೆ ಇಷ್ಟೆಲ್ಲ ಹೇಳಿದ ಮೇಲೆ ಮಾರುವವರಿಗೂ ಒಂದು ಮಾತು. ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೆ ಏನೇನಿದೆ ಎಂದು ಬರೆದಿರುತ್ತದೆ. ತಲೆಮಾರುಗಳ ಕಾಲ ನಾಣ್ಯ ಕಾಯಬೇಕಾದ ಆಲ್ಬಮ್ಮಿನ ಮೇಲೆ ಪ್ಲಾಸ್ಟಿಕ್ಕಿನ ಹೆಸರು ಅಚ್ಚು ಹಾಕಲು ಏನು ಕಷ್ಟ? ಶಾಲೆಗಳಲ್ಲಿ ನಾಣ್ಯ ಪ್ರದರ್ಶನ ಮಾಡಿಸುವ ಮೇಷ್ಟ್ರುಗಳು ಮಕ್ಕಳಿಗೆ ರಾಜರ ಹೆಸರಿನ ಜೊತೆ ಈ ಪ್ರಶ್ನೆ ಕೇಳುವುದನ್ನೂ ಕಲಿಸಲಿ. ನೂರು ಜನ ಕೇಳಿದರೆ ನೂರಾ ಒಂದನೆಯವರಿಗೆ ಅಂಗಡಿಯವರು ತಾವಾಗಿಯೇ ಹೇಳುತ್ತಾರೆ.